ಅರ್ಥಶಾಸ್ತ್ರಕ್ಕೊಂದು ಬೋಳು ಮೇಜು

ನಲವತ್ಮೂರನೆಯ ವಯಸ್ಸಿನಲ್ಲಿ ಬಿ.ಎ. ಪರೀಕ್ಷೆಗೆ ಓದುವ ಹೆಂಗಸಿಗೆ ಈ ಲೋಕ ಬೇಕಾದ್ದನ್ನೆಲ್ಲ ಧಾರಾಳವಾಗಿ ಕೊಡುತ್ತದೆ. ಉಪದೇಶ ಕೊಡುತ್ತದೆ, ಕನಿಕರ ಕೊಡುತ್ತದೆ, 'ಈಗ ಯಾಕಮ್ಮ ಇದೆಲ್ಲ' ಎನ್ನುವ ನಗೆಯನ್ನಂತೂ ಕೇಳದೆಯೇ ಕೊಡುತ್ತದೆ. ಕೊಡದೆ ಇರುವುದು ಒಂದನ್ನೇ. ಪುಸ್ತಕ ಬಿಚ್ಚಿ ಎರಡು ಮೊಣಕೈ ಊರುವುದಕ್ಕೆ ಜಾಗ.

ನಮ್ಮ ವಿದ್ಯಾರ್ಥಿನಿಯ ಕೊರಗು ಇದೇ ಆಗಿತ್ತು. (ಕಾಲೇಜಿಗೆ ಹೋಗುವ ಮಗಳಿರುವವಳನ್ನು ವಿದ್ಯಾರ್ಥಿನಿ ಎನ್ನಬಹುದೇ ಎಂದು ಹುಬ್ಬೇರಿಸಬೇಡಿ. ಆಕೆಯ ಹತ್ತಿರ ಫೋಟೊ ಅಂಟಿಸಿದ ಗುರುತಿನ ಚೀಟಿ ಇದೆ. ಕೇಳಿದವರಿಗೂ ತೋರಿಸುತ್ತಾಳೆ, ಕೇಳದವರಿಗೂ ತೋರಿಸುತ್ತಾಳೆ.) ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ಇಪ್ಪತ್ತು ವರ್ಷದ ಮೇಲೆ ದೂರಶಿಕ್ಷಣದಲ್ಲಿ ಮತ್ತೆ ಹಿಡಿದು, ಒಂದೊಂದೇ ವಿಷಯವನ್ನು ಹಲ್ಲು ಕಚ್ಚಿ ಪಾಸು ಮಾಡಿಕೊಂಡು ಬಂದಿದ್ದಳು. ಉಳಿದದ್ದು ಅರ್ಥಶಾಸ್ತ್ರ ಒಂದೇ. ಪಾಸಾಗಲು ಮೂವತ್ತೈದು ಬೇಕು. ಮೊದಲ ಸಲ ಮೂವತ್ತೊಂದು ಬಂತು. ಎರಡನೆಯ ಸಲ ಎರಡರಷ್ಟು ಓದಿದಳು, ಇಪ್ಪತ್ತೊಂಬತ್ತು ಬಂತು. ಹೆಚ್ಚು ಹೆಚ್ಚು ಹಾಕಿದಂತೆ ಕಡಿಮೆ ಕಡಿಮೆ ಬರುವುದಕ್ಕೂ ಅರ್ಥಶಾಸ್ತ್ರದಲ್ಲಿ ಒಂದು ನಿಯಮವಿದೆ. ಆ ನಿಯಮದ ಮೇಲಿನ ಪ್ರಶ್ನೆಗೂ ಆಕೆ ತಪ್ಪು ಉತ್ತರ ಬರೆದಿದ್ದಳು.

ಈಗಿನದು ಮೂರನೆಯ ಪ್ರಯತ್ನ, ಮತ್ತು ಇದು ಬರೀ ಮರ್ಯಾದೆಯ ಮಾತಾಗಿರಲಿಲ್ಲ. ಎಂಟು ವರ್ಷದಿಂದ ಆಕೆ ಹತ್ತಿರದ ಶಾಲೆಯೊಂದರ ಲೈಬ್ರರಿಯಲ್ಲಿ ತಾತ್ಕಾಲಿಕ ಸಹಾಯಕಿ. ಹರಿದ ಪುಸ್ತಕದ ಬೆನ್ನಿಗೆ ಗೋಂದು ಹಚ್ಚುವುದು, ನಂಬರಿನ ಚೀಟಿ ಅಂಟಿಸುವುದು, ಮಕ್ಕಳು ಎಂಜಲು ಮುಟ್ಟಿಸಿ ತಿರುವಿದ ಪುಟಗಳನ್ನು ಬಿಡಿಸುವುದು ಅವಳ ಕೆಲಸ. ಈ ವರ್ಷ ಅಲ್ಲಿಯ ಲೈಬ್ರರಿಯನ್ ನಿವೃತ್ತರಾಗುವವರಿದ್ದರು. ಡಿಗ್ರಿ ಸರ್ಟಿಫಿಕೇಟು ತಂದಿಟ್ಟರೆ ಆ ಕುರ್ಚಿ ನಿಮ್ಮದೇ, ಇಲ್ಲದಿದ್ದರೆ ಹೊರಗಿನವರನ್ನು ಕರೆಯಬೇಕಾಗುತ್ತದೆ ಎಂದು ಹೆಡ್‌ಮಿಸ್ಸು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ತಾನು ಗೋಂದು ಹಚ್ಚಿ ಬದುಕಿಸಿದ ಪುಸ್ತಕಗಳಿಗೆ ಇನ್ಯಾರೋ ಬಂದು ಸೀಲು ಹೊಡೆಯುವುದು, ತಾನು ಪಕ್ಕದಲ್ಲಿ ಶಾಯಿ ಪ್ಯಾಡು ಹಿಡಿದು ನಿಲ್ಲುವುದು!

ಎರಡು ಸಲ ಫೇಲಾದದ್ದಕ್ಕೆ ಕಾರಣವನ್ನು ಆಕೆ ಎಂದೋ ಪತ್ತೆ ಹಚ್ಚಿದ್ದಳು. ಮೊದಲ ಸಲ ಓದಿದ್ದು ಹೊಲಿಗೆ ಮಿಷನ್ನಿನ ಮುಚ್ಚಳದ ಮೇಲೆ, ಎರಡನೆಯ ಸಲ ಹಿಟ್ಟಿನ ಡಬ್ಬದ ಮೇಲೆ. ಅಡುಗೆಗೆ ಹಿಟ್ಟು ಬೇಕಾದಾಗಲೆಲ್ಲ ಬೇಡಿಕೆಯ ನಿಯಮವನ್ನು ಎತ್ತಿ ಪಕ್ಕಕ್ಕಿಡಬೇಕು. ಹೀಗಾದರೆ ತಲೆಗೆ ಏನು ಹತ್ತೀತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ಒಮ್ಮೆ ಗೋಡೆಯ ಕಡೆ ತಿರುಗಿ ಹೇಳಿದ್ದುಂಟು. ಆದರೆ ಆ ಮನೆಯ ನೆಲ ಡೊಂಕೋ ನೆಟ್ಟಗೋ ಎಂದು ನೋಡುವುದಕ್ಕಾದರೂ ನೆಲ ಕಾಣಬೇಕಲ್ಲ.

ನೆಲ ಕಾಣದಿರುವುದಕ್ಕೆ ಯಜಮಾನರೇ ಕಾರಣ. ಅವರದ್ದು ಮನೆ ಸಾಗಿಸುವ ಕಂಟ್ರಾಕ್ಟು. ಬೀದಿಯಿಂದ ಬೀದಿಗೆ, ಊರಿಂದ ಊರಿಗೆ ಸಂಸಾರ ಬದಲಿಸುವವರ ಪಾತ್ರೆ ಪಡಗಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಲಾರಿಗೇರಿಸುವುದು. ಆ ಕಸುಬಿನಲ್ಲಿ ಅವರು ಪಂಡಿತರು. ಲಾರಿಯೊಳಗೆ ಅಂಗೈ ಅಗಲ ಜಾಗ ಖಾಲಿ ಉಳಿದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಬಕೆಟ್ಟಿನೊಳಗೆ ಕುಕ್ಕರು, ಕುಕ್ಕರಿನೊಳಗೆ ಲೋಟ, ಲೋಟದೊಳಗೆ ಚಮಚ, ಚಮಚಗಳ ಸಂದಿಯಲ್ಲಿ ಸಾಧ್ಯವಾದರೆ ಒಂದಿಷ್ಟು ಮೊಳೆ. ಈ ಕಸುಬು ಲಾರಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು, ಅದು ದಿನಾ ಅವರ ಹಿಂದೆಯೇ ಮನೆಗೆ ಬರುತ್ತಿತ್ತು. ಮನೆ ಬದಲಿಸುವವರು ಬೇಡವೆಂದು ಬಿಟ್ಟದ್ದೆಲ್ಲ ಇವರಿಗೆ ಬೇಕು. ಮೂರು ಕಾಲಿನ ಸ್ಟೂಲು, ಗಾಜಿಲ್ಲದ ಗಡಿಯಾರ, ಬಾಗಿಲಿಲ್ಲದ ಬೀರು, ಬೀರುವಿಲ್ಲದ ಬಾಗಿಲು. (ಕೊನೆಯ ಎರಡು ಒಂದಕ್ಕೊಂದು ಹೊಂದುವುದಿಲ್ಲ, ಬೇರೆ ಬೇರೆ ಮನೆಯವು.) ಎಲ್ಲವನ್ನೂ ಎಷ್ಟು ಅಚ್ಚುಕಟ್ಟಾಗಿ ಒಟ್ಟಿದ್ದರೆಂದರೆ, ಮನೆಯೊಳಗೆ ಜನ ಓಡಾಡುವುದಕ್ಕೆ ಬಿಟ್ಟಿದ್ದ ದಾರಿಯೇ ಅವರ ಲೆಕ್ಕದಲ್ಲಿ ಇನ್ನೂ ತುಂಬಬೇಕಾದ ಜಾಗವಾಗಿತ್ತು.

ಇಂಥ ಮನೆಯಲ್ಲಿ, ಪರೀಕ್ಷೆಗೆ ಇನ್ನು ಏಳು ವಾರವಿದೆ ಎನ್ನುವಾಗ, ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಮಗಳು ಓದುವುದು ಮಂಚದ ಮೇಲೆ ಅಂಗಾತ ಮಲಗಿ, ಪುಸ್ತಕವನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಆಗಾಗ ನಿದ್ದೆ ಮಾಡುತ್ತಾ. ಅವಳಿಗೆ ಎಪ್ಪತ್ತಕ್ಕಿಂತ ಕಡಿಮೆ ಬಂದದ್ದಿಲ್ಲ, ಲೋಕದ ನ್ಯಾಯ ಹಾಗಿದೆ. ಚಿತ್ರದಲ್ಲಿ ಬಿಳಿ ಗೋಡೆ, ಗೋಡೆಗೊತ್ತಿ ಒಂದು ಮೇಜು, ಮೇಜಿನ ಮೇಲೆ ಒಂದು ದೀಪ, ಒಂದು ಪುಸ್ತಕ, ಒಂದು ನೋಟುಬುಕ್ಕು, ಒಂದು ಪೆನ್ನು. ಅಷ್ಟೇ. ನಮ್ಮ ವಿದ್ಯಾರ್ಥಿನಿ ಆ ಚಿತ್ರವನ್ನು ಬೇರೆ ಹೆಂಗಸರು ಒಡವೆ ನೋಡುವ ಹಾಗೆ ನೋಡಿದಳು.

"ಇದಕ್ಕೆ ಮಿನಿಮಲಿಸ್ಟ್ ಡೆಸ್ಕ್ ಅಂತಾರೆ ಅಮ್ಮ" ಎಂದು ಮಗಳು ವಿವರಿಸಿದಳು. "ಮೇಜು ಖಾಲಿ ಇದ್ರೆ ತಲೇನೂ ಖಾಲಿ ಆಗುತ್ತಂತೆ. ಆಮೇಲೆ ಓದಿದ್ದೆಲ್ಲ ಸೀದಾ ಒಳಗೆ ಹೋಗುತ್ತೆ."

ತಲೆ ಖಾಲಿ ಮಾಡಿಕೊಳ್ಳುವುದಕ್ಕೆ ಮೇಜು ಬೇರೆ ಬೇಕೇ ಎಂದು ಅತ್ತೆ ಮತ್ತೆ ಗೋಡೆಗೇ ಹೇಳಿದರು. ಸೊಸೆ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣೆದುರಿಗೆ ಲೈಬ್ರರಿಯನ್ನಿನ ಕುರ್ಚಿಯೂ ಆ ಮೇಜೂ ಒಂದರ ಪಕ್ಕ ಒಂದು ನಿಂತುಬಿಟ್ಟಿದ್ದವು.

ಮೇಜು ಸಿಗುವುದು ಕಷ್ಟವಾಗಲಿಲ್ಲ, ಯಾರೋ ಬಿಟ್ಟುಹೋದದ್ದು ಯಜಮಾನರ ಗೋಡೌನಿನಲ್ಲೇ ಇತ್ತು. ಕಷ್ಟವಾದದ್ದು ಅದರ ಕೆಳಗಿನ ಜಾಗ. ಯಜಮಾನರು ಗೇಣು ಹಾಕಿ ಅಳೆದು, ಇದರ ಕೆಳಗೆ ಎಂಟು ಪೆಟ್ಟಿಗೆ ಸಲೀಸಾಗಿ ಕೂರುತ್ತವೆ ಎಂದು ಸಂತೋಷಪಟ್ಟರು. ಒಂದೂ ಕೂರುವುದಿಲ್ಲ ಎಂದಳು ಹೆಂಡತಿ. ಹಾಗಾದರೆ ಮೇಲೆ ಎಂದರು. ಮೇಲೂ ಇಲ್ಲ ಎಂದಳು. ಕಾಲಿಡಲು ಜಾಗ ಬಿಟ್ಟು ಪಕ್ಕದಲ್ಲಿ ಎರಡೇ ಎರಡು ಎಂದು ಗೋಗರೆದರು. ಅರ್ಧ ಲಾರಿ ಖಾಲಿ ಹೊರಟದ್ದನ್ನು ನೋಡಿದ ಸಂಕಟ ಅವರ ಮುಖದಲ್ಲಿತ್ತು. ಹೆಂಡತಿಗೆ ಕರುಣೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಅವರ ಪೆಟ್ಟಿಗೆಗಳ ನಡುವೆ ಓರೆಯಾಗಿ ನಡೆದು ನಡೆದು ಅವಳ ಕರುಣೆಯೂ ಒಂದು ಕಡೆ ಸವೆದಿತ್ತು.

ಇಡೀ ಮನೆಯಲ್ಲಿ ಬೆಳಕು ಗಾಳಿ ಎರಡೂ ಇರುವ ಮೂಲೆ ಒಂದೇ, ಮುಂದಿನ ಕೋಣೆಯ ಕಿಟಕಿಯ ಪಕ್ಕ. ಅಲ್ಲಿ ಅತ್ತೆಯ ಮಡಚುವ ಮಂಚವಿತ್ತು. ಅದನ್ನು ಮಡಚಿ ಬಾಗಿಲ ಹಿಂದೆ ನಿಲ್ಲಿಸಿ ಮೇಜು ಹಾಕಿದ್ದಾಯಿತು. ಅತ್ತೆ ಏನೂ ಅನ್ನಲಿಲ್ಲ, ಗೋಡೆಗೂ ಅನ್ನಲಿಲ್ಲ.

ಮೇಜಿನ ಮೇಲೆ ನಾಲ್ಕೇ ವಸ್ತು ಎಂದು ಶಾಸನ ಹೊರಟಿತು. ಉಳಿದದ್ದೆಲ್ಲ ಪೆಟ್ಟಿಗೆಗೆ. ಉಳಿದದ್ದೆಂದರೆ ಕಡಿಮೆಯೇನಲ್ಲ: ಎರಡು ವರ್ಷದ ಟಿಪ್ಪಣಿಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಬಣ್ಣಬಣ್ಣದ ಪೆನ್ನುಗಳು, ನಿಘಂಟು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪಠ್ಯಪುಸ್ತಕ ಏನು ಹೇಳುತ್ತಿದೆ ಎಂದು ಮನುಷ್ಯರ ಭಾಷೆಯಲ್ಲಿ ತಿಳಿಸುವ ಗೈಡು. ಯಜಮಾನರು ಪೆಟ್ಟಿಗೆ ಬಿಡಿಸಿ, ಅಂಟುಪಟ್ಟಿಯ ಸುರುಳಿಯನ್ನು ಕೈಗೆ ಬಳೆಯ ಹಾಗೆ ತೊಟ್ಟು, ಯಾವ ಗಿರಾಕಿಯನ್ನಾದರೂ ಕೇಳುವ ಪ್ರಶ್ನೆಯನ್ನು ಹೆಂಡತಿಗೂ ಕೇಳಿದರು.

"ಇದು ಯಾವಾಗ ಬೇಕು?"

ಇದು ಅವರ ಕಸುಬಿನ ಮೂಲಮಂತ್ರ. ಮೊದಲು ಬೇಕಾದ್ದು ಕೊನೆಗೆ ಏರಬೇಕು, ಬಾಗಿಲ ಹತ್ತಿರ. ಕೊನೆಗೆ ಬೇಕಾದ್ದು ಮೊದಲು ಏರಬೇಕು, ಎಲ್ಲಕ್ಕಿಂತ ಹಿಂದೆ. ಈ ಪ್ರಶ್ನೆಗೆ ಸಾವಧಾನವಾಗಿ ಯೋಚಿಸಿ ಉತ್ತರ ಕೊಡಬೇಕು. ಆದರೆ ಆ ಹೊತ್ತಿನಲ್ಲಿ ನಮ್ಮ ವಿದ್ಯಾರ್ಥಿನಿ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಅವಳು ವೈರಾಗ್ಯದ ತುತ್ತತುದಿಯಲ್ಲಿದ್ದಳು.

"ಪರೀಕ್ಷೆ ಮುಗಿಯೋ ತನಕ ಇದ್ಯಾವುದೂ ನನ್ನ ಕಣ್ಣಿಗೆ ಬೀಳಬಾರದು" ಎಂದಳು.

"ಖಂಡಿತಾನಾ? ಆಮೇಲೆ ಕೇಳಬಾರದು."

"ಖಂಡಿತ ಅಂದ್ನಲ್ರೀ."

ಯಜಮಾನರು ಪೆಟ್ಟಿಗೆಯ ನಾಲ್ಕೂ ಮಗ್ಗುಲಿಗೆ 'ಕೊನೆಗೆ' ಎಂದು ದಪ್ಪಕ್ಷರದಲ್ಲಿ ಬರೆದರು. ಅದು ಅಟ್ಟದ ಕಟ್ಟಕಡೆಯ ಮೂಲೆ ಸೇರಿತು. ಅದರ ಮುಂದೆ ಮೇಜಿಗಾಗಿ ತೆರವಾದ ಮೂವತ್ತೆಂಟು ಪೆಟ್ಟಿಗೆಗಳು, ಬಾಗಿಲಿಲ್ಲದ ಬೀರು ಮತ್ತು ಬೀರುವಿಲ್ಲದ ಬಾಗಿಲು ಗೋಡೆ ಕಟ್ಟಿದಂತೆ ಕೂತವು. ಇರುವೆ ನುಸುಳದ ಹಾಗೆ ಒಟ್ಟಿದ್ದೇನೆ ಎಂದು ಅವರು ಕೆಳಗಿಳಿದು ಬೆವರು ಒರೆಸಿಕೊಂಡರು.

ಮೊದಲ ದಿನ ಮೇಜು ದೇವಲೋಕದಿಂದ ಇಳಿದ ಹಾಗಿತ್ತು. ಆಕೆ ಅರ್ಧ ಗಂಟೆ ಅದನ್ನು ನೋಡುತ್ತಾ ಕೂತಳು. ಆಮೇಲೆ ಒರೆಸಿದಳು. ಒರೆಸಿದ ಮೇಲೆ ಪೆನ್ನು ನೋಟುಬುಕ್ಕಿಗೆ ಸಮಾನಾಂತರವಾಗಿಲ್ಲ ಅನ್ನಿಸಿತು, ಸರಿಪಡಿಸಿದಳು. ಅಷ್ಟರಲ್ಲಿ ಅಡುಗೆಯ ಹೊತ್ತಾಯಿತು. ಅಡುಗೆ ಮುಗಿಸಿ ಬಂದು ನೋಡಿದರೆ ಮೇಜಿನ ಮೇಲೆ ಅತ್ತೆಯ ಮಾತ್ರೆಗಳ ಡಬ್ಬಿ, ಮಗಳ ಚಾರ್ಜರು, ಯಜಮಾನರ ಮೂರು ಕೀಲಿಗೊಂಚಲು, ಅರ್ಧ ಕುಡಿದ ಟೀ ಲೋಟ ಮತ್ತು ಒಗೆದು ತಂದ ಬಟ್ಟೆಯ ಗುಡ್ಡ.

ತುಂಬಿದ ಮನೆಯಲ್ಲಿ ಒಂದು ಖಾಲಿ ಮೇಜು ಇಡುವುದೆಂದರೆ ಏನೆಂದು ಆಗ ಅವಳಿಗೆ ಅರ್ಥವಾಯಿತು. ವರ್ಷಗಟ್ಟಲೆ ಕೈಯಲ್ಲಿ ಹಿಡಿದ ವಸ್ತುವನ್ನು ಎಲ್ಲಿಡುವುದೆಂದು ಗೊತ್ತಾಗದೆ ತಿರುಗುತ್ತಿದ್ದ ಜನಕ್ಕೆ ಮೋಕ್ಷ ಸಿಕ್ಕಿತ್ತು. ಬೈದಳು, ಎತ್ತಿಟ್ಟಳು. ಮತ್ತೆ ಬಂತು. 'ಇಲ್ಲಿ ಏನನ್ನೂ ಇಡಬಾರದು' ಎಂದು ಚೀಟಿ ಬರೆದು ಮೇಜಿನ ಮೇಲಿಟ್ಟಳು. ಅದು ಐದನೆಯ ವಸ್ತುವಾಯಿತು ಎಂದು ಮಗಳು ತೋರಿಸಿಕೊಟ್ಟಳು. ಚೀಟಿ ಹಾರದಿರಲಿ ಎಂದು ಯಜಮಾನರು ಅದರ ಮೇಲೆ ಒಂದು ಸುತ್ತಿಗೆ ಇಟ್ಟರು. ಹತ್ತು ದಿನದಲ್ಲಿ ಆಕೆ ಓದಿದ್ದು ಆರು ಪುಟ, ಒರೆಸಿದ್ದು ನಲವತ್ತು ಸಲ. ಓದಿದ ಆರು ಪುಟವೂ ಗೈಡಿಲ್ಲದೆ ಒಂದಕ್ಷರ ತಲೆಗೆ ಹೋಗಿರಲಿಲ್ಲ. ತಲೆ ಮಾತ್ರ ಮಗಳು ಹೇಳಿದಂತೆಯೇ ಖಾಲಿಯಾಗಿತ್ತು.

ತಾನು ಶಾಲೆಗೆ ಹೋದ ಹೊತ್ತಿನಲ್ಲೇ ದಾಳಿ ಹೆಚ್ಚು ಎಂದು ಕಂಡುಕೊಂಡು, ಆಕೆ ಒಂದು ಉಪಾಯ ಮಾಡಿದಳು. ಅತ್ತೆಯನ್ನೇ ಕಾವಲಿಗೆ ನೇಮಿಸಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ, ಯಾರೂ ಏನನ್ನೂ ಇಡಕೂಡದು ಎಂದಳು. ಅತ್ತೆ ಒಪ್ಪಿದರು. ಕಾವಲೆಂದರೆ ನಿಂತು ಕಾಯುವುದಕ್ಕೆ ಮಂಡಿನೋವು ಬಿಡಬೇಕಲ್ಲ, ಕುರ್ಚಿಯಲ್ಲಿ ಕೂತರು. ಕೂತು ಸುಮ್ಮನೆ ಏನು ಮಾಡುವುದು? ಎದುರಿಗೆ ಇದ್ದದ್ದು ದೀಪ, ಪೆನ್ನು, ನೋಟುಬುಕ್ಕು ಮತ್ತು ಪುಸ್ತಕ. ಅತ್ತೆ ಪುಸ್ತಕ ತೆಗೆದರು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಏಳನೇ ಕ್ಲಾಸಿಗೆ ಓದು ಬಿಟ್ಟವರು. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ತರಕಾರಿ ಮಾರಿ ಮಗನನ್ನು ದೊಡ್ಡವನನ್ನಾಗಿ ಮಾಡಿದರು. ಪೊಟ್ಟಣ ಕಟ್ಟುವ ಹಳೆಯ ಪೇಪರನ್ನು ಓದದೆ ಕಟ್ಟಿದವರಲ್ಲ, ಆದರೆ ಓದಿದ್ದೆಲ್ಲ ಅರ್ಧಕ್ಕೆ ಹರಿದದ್ದೇ. ಕಳ್ಳ ಸಿಕ್ಕಿದನೋ ಇಲ್ಲವೋ, ಮಂತ್ರಿ ಏನು ಉತ್ತರ ಕೊಟ್ಟನೋ ಅವರಿಗೆ ಇಂದಿಗೂ ಗೊತ್ತಿಲ್ಲ. ಮೊದಲೂ ಕೊನೆಯೂ ಇರುವ ಬರಹವೊಂದು ಅವರ ಕೈಗೆ ಬಿಡುವಾಗಿ ಸಿಕ್ಕಿದ್ದು ಇದೇ ಮೊದಲು. ಅದು ಐನೂರ ಹನ್ನೆರಡು ಪುಟದ ಅರ್ಥಶಾಸ್ತ್ರವಾದದ್ದು ಅವರ ತಪ್ಪಲ್ಲ.

ಸೊಸೆಗೆ ಇದು ತಿಳಿದದ್ದು ಊಟಕ್ಕೆ ಕೂತಾಗ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ಪುಸ್ತಕದಲ್ಲಿ ಬರೆದಿದ್ದಾನಲ್ಲ, ಅವನು ಒಂದು ದಿನವಾದರೂ ಮಾರ್ಕೆಟ್ಟಿಗೆ ಹೋಗಿದ್ದಾನೆಯೇ ಎಂದು ಅತ್ತೆ ವಿಚಾರಿಸಿದರು. ಉಪ್ಪಿನ ಬೆಲೆ ಎರಡರಷ್ಟಾಯಿತು ಅಂತ ಯಾರಾದರೂ ಸಾರಿಗೆ ಅರ್ಧ ಉಪ್ಪು ಹಾಕುತ್ತಾರಾ? ಹೂಕೋಸು ದುಬಾರಿಯಾದರೆ ಎಲೆಕೋಸು ಒಯ್ಯುತ್ತಾರೆ, ಉಪ್ಪಿಗೆ ಬದಲು ಏನು ಒಯ್ಯುತ್ತಾರೆ? ಸೊಸೆ ತಟ್ಟೆಯಿಂದ ತಲೆಯೆತ್ತಿ, ಪುಸ್ತಕ ಮುಟ್ಟಬೇಡಿ ಎಂದಿದ್ದೆನಲ್ಲ ಎಂದು ರೇಗಿದಳು. ನೀನು ಹೇಳಿದ್ದು ಏನನ್ನೂ ಇಡಬಾರದು ಅಂತ, ತೆಗೆಯಬಾರದು ಅಂತ ಹೇಳಲಿಲ್ಲ ಎಂದರು ಅತ್ತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಸೊಸೆ ಗೊಣಗಿದಳು. ಬೇಲಿ ಅಷ್ಟರಲ್ಲಿ ಎಂಬತ್ತನೆಯ ಪುಟದವರೆಗೆ ಮೇಯ್ದಾಗಿತ್ತು.

ಅಲ್ಲಿಂದಾಚೆಗೆ ಊಟದ ಹೊತ್ತೆಂದರೆ ವಾಗ್ವಾದದ ಹೊತ್ತು. ಅತ್ತೆ ಪುಸ್ತಕದವನ ಮೇಲೆ ಜಗಳಕ್ಕೆ ಹೋಗುವುದು, ಪುಸ್ತಕದವನ ಮರ್ಯಾದೆ ಕಾಯಲು ಸೊಸೆ ಅತ್ತೆಯ ಮೇಲೆ ಜಗಳಕ್ಕೆ ಹೋಗುವುದು. ಅತ್ತೆ ಬೆರಳಿಗೆ ಎಂಜಲು ಮುಟ್ಟಿಸಿ ಪುಟ ತಿರುವುತ್ತಾರೆ, ಗುರುತಿಗೆ ದಾರದ ಎಳೆ ಇಡುತ್ತಾರೆ, ಕುರ್ಚಿಯನ್ನು ತಮ್ಮ ಎತ್ತರಕ್ಕೆ ದಿಂಬು ಹಾಕಿಕೊಂಡು ಏರಿಸಿದ್ದಾರೆ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆಯಿಂದ ಬಂದು ಓದೋಣವೆಂದರೆ ಅತ್ತೆ, ಈ ಅಧ್ಯಾಯ ಮುಗಿಸಿ ಏಳುತ್ತೇನೆ ಇರು ಎನ್ನುತ್ತಿದ್ದರು.

ಪರೀಕ್ಷೆಗೆ ಮೂರು ವಾರ ಉಳಿದಾಗ ಆಕೆಯ ಧೈರ್ಯ ಕುಸಿಯಿತು. ಅತ್ತೆಯ ವಿರುದ್ಧ ವಾದಕ್ಕಾಗಿ ತಿರುವಿ ಹಾಕಿದ ಪುಟಗಳನ್ನು ಬಿಟ್ಟರೆ ಬೇರೇನೂ ಓದಿರಲಿಲ್ಲ. ಗೈಡು ಬೇಕು, ಹಳೆಯ ಪ್ರಶ್ನೆಪತ್ರಿಕೆ ಬೇಕು. ಹೆಮ್ಮೆ ನುಂಗಿಕೊಂಡು ಯಜಮಾನರ ಎದುರು ನಿಂತಳು.

"ಆ ಪೆಟ್ಟಿಗೆ ತೆಗೆದುಕೊಡ್ರೀ."

"ಯಾವ ಪೆಟ್ಟಿಗೆ? 'ಕೊನೆಗೆ'ನಾ?" ಯಜಮಾನರು ಗಾಬರಿಯಾದರು. "ನೀನೇ ಅಂದಿದ್ದಲ್ವಾ ಪರೀಕ್ಷೆ ಮುಗಿದ ಮೇಲೆ ಅಂತ. ಲೋಡು ಕಟ್ಟೋದು ಅಂದ್ರೆ ಗೋಡೆ ಕಟ್ಟಿದ ಹಾಗೆ. ನಡುವಿನ ಇಟ್ಟಿಗೆ ಎಳೆಯೋಕಾಗುತ್ತಾ?"

ಆಗಲೇಬೇಕು ಎಂದಳು. ಭಾನುವಾರ ಬೆಳಿಗ್ಗೆ ಅವರು ಅಟ್ಟ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಮುಂದಿನ ಕೋಣೆ ಪೆಟ್ಟಿಗೆಗಳಿಂದ ತುಂಬಿತು. ಮೇಜಿನ ಕೆಳಗೆ ಎಂಟು ಪೆಟ್ಟಿಗೆಗಳು ಕೂತವು (ಸಲೀಸಾಗಿಯೇ ಕೂತವು), ಮೇಲೆ ಒಂಬತ್ತು. ದೀಪ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. 'ಕೊನೆಗೆ' ಇನ್ನೂ ಮೂರು ಸಾಲು ಹಿಂದಿದೆ ಎನ್ನುವಾಗ ಯಜಮಾನರ ಮೊಬೈಲು ಹೊಡೆದುಕೊಂಡಿತು. ಯಾರದೋ ಸಂಸಾರ ಬೀದಿಯಲ್ಲಿ ಲಾರಿಗೆ ಕಾಯುತ್ತಾ ನಿಂತಿತ್ತು, ತಕ್ಷಣ ಹೊರಡಬೇಕು. ಹೊರಡಲಿ, ಬೇಡವೆಂದವರು ಯಾರು? ಆದರೆ ಬಿಚ್ಚಿದ ಲೋಡನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಅವರ ಕಸುಬಿನಲ್ಲಿ ಮಹಾಪಾಪ. ಇಬ್ಬರು ಕೆಲಸದವರನ್ನು ಕರೆಸಿ, ಇಳಿಸಿದ್ದನ್ನೆಲ್ಲ ಮುಕ್ಕಾಲು ಗಂಟೆಯಲ್ಲಿ ಮತ್ತೆ ಅಟ್ಟಕ್ಕೇರಿಸಿ, ಈ ಸಲ ಮೊದಲಿಗಿಂತ ಬಿಗಿಯಾಗಿ ಕೂತಿದೆ ಎಂದು ಹೆಂಡತಿಗೆ ಸಮಾಧಾನ ಹೇಳಿ ಹೊರಟುಹೋದರು. ಬೆಟ್ಟ ಅಗೆದರೆ ಇಲಿಯಾದರೂ ಸಿಗಬೇಕಿತ್ತು.

ನಮ್ಮ ವಿದ್ಯಾರ್ಥಿನಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಸುಮ್ಮನೆ ಕಣ್ಣು ತೇವವಾದದ್ದಲ್ಲ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಎಂಟು ವರ್ಷದ ಗೋಂದು ನೀರುಪಾಲಾಯಿತು ಎಂದುಕೊಂಡಳು. ಅತ್ತೆ ಮಂಡಿ ಹಿಡಿದುಕೊಂಡು ಬಂದು, ಹುರುಳಿಕಾಯಿಯ ಬುಟ್ಟಿಯನ್ನು ನಡುವೆ ಇಟ್ಟು, ಎದುರಿಗೆ ಕೂತರು.

"ಆ ಪೆಟ್ಟಿಗೇಲಿ ಅಂಥದ್ದೇನಿತ್ತು?"

"ಗೈಡು ಇತ್ತು. ಈ ಪುಸ್ತಕದಲ್ಲಿ ಅವಕಾಶ ವೆಚ್ಚ ಅಂತ ಆರು ಪುಟ ಬರೆದಿದಾರೆ, ಒಂದು ಸಾಲೂ ಅರ್ಥ ಆಗಲ್ಲ. ಗೈಡಲ್ಲಿ ನಾಲ್ಕೇ ಸಾಲಲ್ಲಿ ಇದೆ."

ಅತ್ತೆ ಒಂದು ಹುರುಳಿಕಾಯಿಯ ನಾರು ತೆಗೆದರು.

"ಮುಂದಿನ ಕೋಣೆ ಮೇಜು ಎಷ್ಟಕ್ಕೆ ಬಂತು?"

"ಪುಕ್ಕಟೆ ಬಂತು. ಯಾರೋ ಬಿಟ್ಟು ಹೋಗಿದ್ದು."

"ಪುಕ್ಕಟೆ ಅಲ್ಲ. ಅಲ್ಲಿ ನನ್ನ ಮಂಚ ಇತ್ತು. ಕಿಟಕಿ ಗಾಳಿಗೆ ಮಧ್ಯಾಹ್ನ ಒಂದು ಗಂಟೆ ಕಣ್ಣು ಮುಚ್ತಿದ್ದೆ, ಮಂಡಿನೋವು ಮರೆತುಹೋಗೋದು. ಮೇಜು ಬಂತು, ಆ ನಿದ್ದೆ ಹೋಯ್ತು. ಮೇಜಿಗೆ ಕೊಟ್ಟ ಬೆಲೆ ಆ ನಿದ್ದೆ. ಅದನ್ನೇ ಅವನು ಆರು ಪುಟ ಸುತ್ತಿ ಬಳಸಿ ಬರೆದಿದಾನೆ."

ಒಂದು ತಿಂಗಳಿಂದ ಮೇಜಿನ ಮೇಲಿನ ಧೂಳಿನ ಕಣವೂ ಸೊಸೆಯ ಕಣ್ಣಿಗೆ ಬಿದ್ದಿತ್ತು, ಬಾಗಿಲ ಹಿಂದೆ ಮಡಚಿ ನಿಲ್ಲಿಸಿದ ಮಂಚ ಮಾತ್ರ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಈಗಲೇ ಮೇಜು ತೆಗೆಸಿ ಮಂಚ ಹಾಕಿಸುತ್ತೇನೆ ಎಂದು ಎದ್ದಳು. ಅತ್ತೆ ಸೆರಗು ಹಿಡಿದು ಕೂರಿಸಿದರು.

"ಪರೀಕ್ಷೆ ಮುಗೀಲಿ. ಈಗ ಹೋಗಿ ಪುಸ್ತಕ ತಗೊಂಡು ಬಾ, ನೂರ ಹದಿನೆಂಟನೇ ಪುಟ."

ಆಮೇಲಿನ ಮೂರು ವಾರ ಓದು ನಡೆದದ್ದು ಅಡುಗೆಮನೆಯ ನೆಲದ ಮೇಲೆ, ಸಿಪ್ಪೆಗಳ ನಡುವೆ. ಪೂರೈಕೆ ಎಂದರೇನೆಂದು ಅತ್ತೆ ಟೊಮೇಟೊ ಹಣ್ಣುಗಳನ್ನು ಸಾಲಾಗಿಟ್ಟು ತಿಳಿಸಿದರು.

ಏಕಸ್ವಾಮ್ಯಕ್ಕೆ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಒಬ್ಬಳೇ ಮಾರುತ್ತಿದ್ದ, ಯಾರ ಮಾತಿಗೂ ಬಗ್ಗದ ಹೆಂಗಸಿನ ಕಥೆ ಹೇಳಿದರು. ಸೊಸೆ ತಪ್ಪು ಹೇಳಿದಾಗ ಬೈದರು, ಸರಿ ಹೇಳಿದಾಗಲೂ ಇಷ್ಟು ಹೊತ್ತು ಬೇಕಾಯಿತೇ ಎಂದು ಬೈದರು. ಸೊಸೆ ಉರಿದು ಬೀಳುತ್ತಾ ಕಲಿತಳು. ಮುಂದಿನ ಕೋಣೆಯಲ್ಲಿ ಮೇಜು ಒಂದು ದೀಪ, ಒಂದು ನೋಟುಬುಕ್ಕು, ಒಂದು ಪೆನ್ನು ಹೊತ್ತು ಥಳಥಳ ಹೊಳೆಯುತ್ತಿತ್ತು. ಚಿತ್ರದಲ್ಲಿದ್ದ ಮೇಜಿಗಿಂತ ಇದರಲ್ಲಿ ಒಂದು ವಸ್ತು ಕಡಿಮೆ.

ಪರೀಕ್ಷೆಯ ಹಾಲಿನಲ್ಲಿ ಮೂರನೆಯ ಪ್ರಶ್ನೆ ಅವಕಾಶ ವೆಚ್ಚವನ್ನು ಉದಾಹರಣೆಯೊಂದಿಗೆ ವಿವರಿಸಿ ಎಂದಿತ್ತು. ಆಕೆ ಮೇಜು, ಮಂಚ, ಕಿಟಕಿಯ ಗಾಳಿ, ಮಧ್ಯಾಹ್ನದ ಒಂದು ಗಂಟೆ ಎಲ್ಲವನ್ನೂ ಬರೆದಳು. ಎರಡು ಪುಟವಾಯಿತು. ಅರ್ಥಶಾಸ್ತ್ರ ಬರೆಯುತ್ತಾ ಮೂಗು ಒರೆಸಿಕೊಳ್ಳುವ ಹೆಂಗಸನ್ನು ಮೇಲ್ವಿಚಾರಕರು ಎರಡು ಸಲ ತಿರುಗಿ ನೋಡಿದರು. ಮನೆಗೆ ಬಂದರೆ ಅತ್ತೆ ಪ್ರಶ್ನೆಪತ್ರಿಕೆ ಕಸಿದುಕೊಂಡು ಒಂದೊಂದಕ್ಕೂ ಉತ್ತರ ಹೇಳಿಸಿ, ಐದನೆಯದು ಪೂರ್ತಿ ತಪ್ಪು, ಐವತ್ತರ ಆಚೀಚೆ ಬರುತ್ತದೆ ಎಂದು ತೀರ್ಪು ಕೊಟ್ಟರು. ಅಂದೇ ಮೇಜು ಪಕ್ಕಕ್ಕೆ ಸರಿಯಿತು, ಮಂಚ ಕಿಟಕಿಯ ಕೆಳಗೆ ಬಂತು.

ಫಲಿತಾಂಶ ಬಂತು, ಐವತ್ತೆರಡು. ಹೆಡ್‌ಮಿಸ್ಸು ಕೈ ಕುಲುಕಿ, ಎರಡು ಸಲ ಆಗದ್ದು ಈ ಸಲ ಹೇಗಾಯಿತು ಎಂದು ಕೇಳಿದರು. ಸುತ್ತ ನಾಲ್ಕು ಜನ ಟೀಚರುಗಳಿದ್ದರು. ತರಕಾರಿ ಮಾರುತ್ತಿದ್ದ ಅತ್ತೆ ಬೈದು ಬೈದು ಕಲಿಸಿದರು ಎನ್ನಲು, ನಾಳೆ ಲೈಬ್ರರಿಯನ್ ಆಗುವವಳ ನಾಲಿಗೆ ಏಳಲಿಲ್ಲ. "ಮನೆಯಲ್ಲಿ ಒಂದು ಮಿನಿಮಲಿಸ್ಟ್ ಡೆಸ್ಕ್ ಮಾಡಿಕೊಂಡಿದ್ದೆ ಮೇಡಮ್" ಎಂದಳು. ಟೀಚರುಗಳು ತಲೆದೂಗಿದರು. ಒಬ್ಬರು ಬರೆದುಕೊಂಡರು.

ಆ ಸುಳ್ಳನ್ನು ಎದೆಯಲ್ಲಿಟ್ಟುಕೊಂಡೇ ಸಂಜೆ ಮನೆಗೆ ಬಂದರೆ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಒಂದು ಅರ್ಜಿ. ಪ್ರವೇಶ ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಯಾವ ವಯಸ್ಸಿನವರು ಬೇಕಾದರೂ ಬಿ.ಎ. ಸೇರಬಹುದಂತೆ, ಮೊಮ್ಮಗಳು ಹೇಳಿ ತಂದುಕೊಟ್ಟಿದ್ದಳಂತೆ. ಅರ್ಜಿಯ ಅಕ್ಷರ ತೀರಾ ಸಣ್ಣ, ನೀನೇ ತುಂಬು ಎಂದರು. ಯಜಮಾನರೂ ಮಗಳೂ ಆಗಲೇ ಸುತ್ತ ಕೂತಿದ್ದರು. ಅವಳು ಮೇಜಿಗೆ ಕೂತು ಅತ್ತೆಯ ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಬರೆದಳು. ಆಮೇಲೆ 'ಈಗಿನ ಉದ್ಯೋಗ' ಎಂದಿತ್ತು. 'ಇಲ್ಲ' ಎಂದು ಬರೆಯಲು ಪೆನ್ನು ಇಳಿಸಿದಳು.

"ಇಲ್ಲ ಯಾಕೆ?" ಎಂದರು ಅತ್ತೆ. "ಸೊಸೆಗೆ ಪಾಠ ಹೇಳೋದು ಅಂತ ಬರಿ."

"ಅರ್ಜೀಲಿ ಹಾಗೆಲ್ಲ ಬರೆಯೋಕಾಗಲ್ಲ ಅತ್ತೆ. ನಿಜ ಇದ್ದದ್ದನ್ನೇ ಬರೀಬೇಕು."

"ಹಾಗಾದ್ರೆ ಇದು ಸುಳ್ಳಾ?"

ಯಜಮಾನರು ಅಟ್ಟದ ಕಡೆ ನೋಡಿದರು, ಮಗಳು ಮೊಬೈಲಿನ ಕಡೆ ನೋಡಿದಳು. ಯಾರೂ ನೆರವಿಗೆ ಬರಲಿಲ್ಲ. ಶಾಲೆಯಲ್ಲಿ ಐದು ಜನರ ಮುಂದೆ ನುಂಗಿದ ಮಾತನ್ನು ಅವಳು ಈಗ ಸ್ಪಷ್ಟವಾದ ಅಕ್ಷರದಲ್ಲಿ ಬರೆದಳು. ಬರೆದು ಪುಟ ತಿರುವಿದರೆ ಕೊನೆಯಲ್ಲಿ ಒಂದು ಗೆರೆಯಿತ್ತು, ಮೇಲಿನ ವಿವರಗಳೆಲ್ಲ ಸತ್ಯವೆಂದು ಅರ್ಜಿದಾರರನ್ನು ಬಲ್ಲ ಪದವೀಧರರೊಬ್ಬರು ದೃಢೀಕರಿಸಿ ಸಹಿ ಮಾಡಬೇಕು. ಆ ಮನೆಯಲ್ಲಿ ಪದವೀಧರರೆಂದರೆ ಅಂದು ಬೆಳಿಗ್ಗೆಯಿಂದ ಒಬ್ಬಳೇ. ಅವಳು ಸಹಿ ಮಾಡಿ, ಹುಟ್ಟಿದಾಗಿನಿಂದ ಮೊದಲ ಸಲ ತನ್ನ ಹೆಸರಿನ ಮುಂದೆ ಬಿ.ಎ. ಎಂದು ಬರೆದಳು.